ಕೆಂಚವ್ವನ ಮಗನೂ ಸೀಗೆ ಮಚ್ಚೂ

ಹೂಂಗುಟ್ಟುವವರು ಒಬ್ಬರಾದರೂ ಇದ್ದರೆ ಹೇಳುತ್ತೇನೆ. ಆಕಳಿಸುವವರು ಈಗಲೇ ಆಚೆ ಮಗ್ಗುಲಾಗಿ. ಒಬ್ಬ ಪೆದ್ದನಿದ್ದ. ಈಗಲೇ ನಗಬೇಡಿ, ನಗುವುದಕ್ಕೆ ಮುಂದೆ ಬೇಕಾದಷ್ಟಿದೆ. ನಕ್ಕು ಮುಗಿಸಿದ ಮೇಲೆ ಪೆದ್ದ ಯಾರು ಅಂತ ನೀವೇ ಹೇಳಿ, ನಾನು ಹೇಳುವುದಿಲ್ಲ.

ಕಾಡಿನ ಅಂಚಿನಲ್ಲಿ ಕೊರಕಲಹಟ್ಟಿ ಅಂತ ಇಪ್ಪತ್ತು ಗುಡಿಸಲಿನ ಒಂದು ಹಟ್ಟಿ. ಅಲ್ಲಿ ಕೆಂಚವ್ವ ಅಂತ ಒಬ್ಬ ಹೆಂಗಸು. ಅವಳಿಗೆ ಬಿಲ್ಲ ಅಂತ ಒಬ್ಬನೇ ಮಗ. ಇಪ್ಪತ್ತೈದು ವರ್ಷದ ಗಟ್ಟಿ ಆಳು. ಎರಡು ಮೂಟೆ ಹೊತ್ತುಕೊಂಡು ಬೆಟ್ಟ ಇಳಿಯಬಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲೂ ಆಚೀಚೆ ಇಲ್ಲ.

ಒಂದು ದಿನ ಕೆಂಚವ್ವ, "ಕೋಳಿ ಕಾವಿಗೆ ಕೂತದೆ ಕಣ್ಲಾ. ಮೊಟ್ಟೆ ಹತ್ರ ಯಾರೂ ಸುಳೀದಂಗೆ ನೋಡ್ಕೊ," ಅಂತ ಹೇಳಿ ಸೌದೆಗೆ ಹೋದಳು. ಕೋಳಿ ಎದ್ದು ಕಾಳು ಹೆಕ್ಕುವುದಕ್ಕೆ ಆಚೆ ಹೋಯಿತು. ತಿರುಗಿ ಬಂತು. ಬಿಲ್ಲ ಬಿಡುತ್ತಾನಾ? ಕೋಲು ಹಿಡಿದು ಕೋಳಿಯನ್ನೇ ಸಂಜೆಯವರೆಗೂ ಓಡಿಸಿದ. ಮೊಟ್ಟೆ ತಣ್ಣಗಾದವು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲೇ! ಕೋಳೀನೇ ಓಡಿಸಿದ್ಯಲ್ಲೋ!"

"ಯಾರೂ ಅಂದ್ಯಲ್ಲವ್ವ. ಕೋಳಿ ಬುಟ್ಟು ಯಾರೂ ಅನ್ನಲಿಲ್ವಲ್ಲ!"

ಕೆಂಚವ್ವ ಹಣೆ ಚಚ್ಚಿಕೊಂಡಳು. ಹಣೆ ಚಚ್ಚಿಕೊಂಡೇ ಅವಳ ಕುಂಕುಮದ ಜಾಗ ಸವೆದಿತ್ತು ಅಂತ ಹಟ್ಟಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಬಾಯಿಗೆ ಬೇಲಿ ಇಲ್ಲ.

ಮೊಟ್ಟೆ ಹೋದರೆ ಹೋಗಲಿ. ಈಗ ಬಂದದ್ದು ಮಚ್ಚಿನ ಮಾತು, ಅದು ಬದುಕಿನ ಮಾತು.

ಕೊರಕಲಹಟ್ಟಿಯ ಅನ್ನವೆಲ್ಲ ಸೀಗೆಕಾಯಿಯದು. ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಗಂಡಸರು ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಸೀಗೆ ಮೆಳೆಗಳಿಂದ ಕಾಯಿ ಇಳಿಸಿ ತಂದು, ಊರ ಮುಂದಿನ ಪಾಲುಬಂಡೆಯ ಮೇಲೆ ಗುಡ್ಡೆ ಹಾಕುತ್ತಾರೆ. ಮಚ್ಚಿಗೊಂದು ಗುಡ್ಡೆ. ಸೊಂಟದಲ್ಲಿ ಮಚ್ಚಿದ್ದವನು ಮುದುಕನಾಗಲಿ, ಕಾಯಿಲೆ ಬಿದ್ದು ಮಲಗಿರಲಿ, ಅವನ ಪಾಲು ಅವನ ಮನೆಗೆ ಹೋಗುತ್ತದೆ. ಮಚ್ಚಿಲ್ಲದ ಮನೆಗೆ ಪಾಲಿಲ್ಲ. ಹೆಂಗಸಿಗೆ ಮಚ್ಚು ಕಟ್ಟುವ ಪದ್ಧತಿಯೂ ಇಲ್ಲ. ಯಾಕೆ ಇಲ್ಲ ಅಂತ ಯಾರೂ ಕೇಳಿದವರಲ್ಲ. ಕೆಂಚವ್ವ ಕೂಡ ಕೇಳಿದವಳಲ್ಲ.

ಹೋದ ವರ್ಷ ಅವಳ ಗಂಡ ಮಾದಯ್ಯ ತೀರಿಕೊಂಡ. ಮಣ್ಣು ಮಾಡಿ ಬಂದ ದಿನವೇ ಅವನ ಮಚ್ಚು ಗುಂಪಿನ ಯಜಮಾನ ಜಡಿಯಪ್ಪನ ಮನೆಯ ತೊಲೆಗೆ ಹೋಯಿತು. ಮಾರನೇ ದಿನದಿಂದ ಕೆಂಚವ್ವನ ಗುಡ್ಡೆ ನಿಂತುಹೋಯಿತು. ಜಡಿಯಪ್ಪ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ. ಆದರೂ ಪದ್ಧತಿ ಪದ್ಧತಿಯೇ. ಅವಳು ಈಚಲು ಗರಿಯ ಪೊರಕೆ ಕಟ್ಟಿ, ಕಾಡುಗೆಣಸು ಅಗೆದು ಒಂದು ವರ್ಷ ತಳ್ಳಿದಳು.

ಸತ್ತವನ ಮಚ್ಚು ಮಗನಿಗೆ ಬರಬೇಕಾದರೆ, ವರ್ಷ ತುಂಬಿದ ಮೇಲೆ ಅವನು ಯಜಮಾನನ ಕಣ್ಣೆದುರಿಗೆ ಮೂರು ಸಲ ಬೆಟ್ಟ ಹತ್ತಿ ಇಳಿಯಬೇಕು. ಯಜಮಾನ ಒಪ್ಪಿದರೆ ಸೊಂಟಕ್ಕೆ ಕಟ್ಟುತ್ತಾನೆ. ಒಪ್ಪದಿದ್ದರೆ ಮಚ್ಚು ಬೇರೆ ಮನೆಗೆ. ಗುಂಪಿನಲ್ಲಿ ಸಣ್ಣೀರ ಅಂತ ಒಬ್ಬನಿದ್ದ, ಅವನಿಗೆ ಇಬ್ಬರು ಗಂಡುಮಕ್ಕಳು. ಅವನ ಕಣ್ಣು ಆ ತೊಲೆಯ ಮೇಲೇ ಇತ್ತು.

ಕೆಂಚವ್ವನಿಗೆ ತನ್ನ ಹೊಟ್ಟೆಯ ಚಿಂತೆ ಇರಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಗಂಜಿ ಹಾಕುವವರು ಯಾರು? ಮಚ್ಚೊಂದು ಸೊಂಟಕ್ಕೆ ಬಂದರೆ ಇವನು ಎಷ್ಟೇ ಪೆದ್ದನಾಗಿರಲಿ, ಸಾಯುವ ತನಕ ಒಂದು ಗುಡ್ಡೆ ಇವನದು. ಅಷ್ಟಾದರೆ ನಾನು ನೆಮ್ಮದಿಯಾಗಿ ಸಾಯುತ್ತೇನೆ. ಹೀಗೆ ಅವಳು ಪೊರಕೆ ಕಟ್ಟುತ್ತಾ ಕಟ್ಟುತ್ತಾ ಲೆಕ್ಕ ಹಾಕುತ್ತಿದ್ದಳು.

ಮೊದಲ ಸಲ ಬೆಟ್ಟ ಹತ್ತುವ ದಿನ ಬಂತು. ಕೆಂಚವ್ವ ಮಗನನ್ನು ಮದುವೆ ಗಂಡಿನ ಹಾಗೆ ಸಿಂಗರಿಸಿದಳು. ಕಾಲಿಗೆ ದಪ್ಪ ಅಟ್ಟೆಯ ಎಕ್ಕಡ. ಹೆಗಲಿಗೆ ನೀರಿನ ಸೋರೆಬುರುಡೆ. ಮಡಿಲಲ್ಲಿ ಬೆಂಕಿಗೆ ಚಕಮಕಿ ಕಲ್ಲು. ಮೈಮೇಲೆ ಗಂಡನ ಕರಿಕಂಬಳಿ. ಜಡಿಯಪ್ಪ ತೊಲೆಯಿಂದ ಮಚ್ಚು ಇಳಿಸಿ ಅಳಿಯನ ಕೈಗೆ ಕೊಟ್ಟ. ಸಂಜೆ ತಿರುಗಿ ತೊಲೆಗೇ ಹೋಗಬೇಕು.

"ಕೇಳ್ಲಾ ಬಿಲ್ಲ," ಅಂದಳು ಕೆಂಚವ್ವ. "ಕಂಬಳಿ ನೆನೀದಂಗೆ ನೋಡ್ಕೊ. ನೆಂದ ಕಂಬಳಿ ಹೆಣಭಾರ. ಮಚ್ಚಿನ ಬಾಯಿ ಮೊಂಡಾಗದಂಗೆ ನೋಡ್ಕೊ. ನಿಮ್ಮಪ್ಪ ಇಪ್ಪತ್ತು ವರ್ಸ ಮಸೆದ ಮಚ್ಚು ಅದು."

"ಆಯ್ತವ್ವ. ಕಂಬಳಿ ನೆನೀಬಾರ್ದು. ಮಚ್ಚು ಮೊಂಡಾಗಬಾರ್ದು."

ಸೀಗೆಯ ಕಾಲದಲ್ಲಿ ಮಳೆ ಬರುವುದಿಲ್ಲ. ಅವತ್ತು ಬಂತು. ಮಟಮಟ ಮಧ್ಯಾಹ್ನ ಬೆಟ್ಟದ ನೆತ್ತಿಯ ಮೇಲೆ ಹಿಡಿದು ಹೊಡೆಯಿತು. ಎಲ್ಲರೂ ಕಂಬಳಿ ಕೊಪ್ಪೆ ಹಾಕಿಕೊಂಡು ಮರದ ಬುಡಕ್ಕೆ ಸೇರಿದರು. ಬಿಲ್ಲ ಮಾತ್ರ ಕಂಬಳಿ ಬಿಚ್ಚಿ, ಮಡಚಿ, ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು, ಅದರ ಮೇಲೆ ತಾನು ಬೋರಲು ಬಿದ್ದುಕೊಂಡ. ಬೆನ್ನಿನ ಮೇಲೆ ಮಳೆ ದಬದಬ ಸುರಿಯಿತು.

ಸಂಜೆ ಮನೆಗೆ ಬಂದವನ ಹಲ್ಲು ಕಟಕಟ ಅನ್ನುತ್ತಿತ್ತು. ತಲೆಯಿಂದ ನೀರು ಇಳಿಯುತ್ತಿತ್ತು. ಎರಡೂ ಅಂಗೈ ಗೀರಿ ರಕ್ತ.

"ಇದೇನ್ಲಾ ಇದು! ಕೈಗೇನಾಯ್ತು?"

"ಸೀಗೆ ಮುಳ್ಳು ಕಣವ್ವ. ಕೈಯಲ್ಲೇ ಕಿತ್ತೆ."

"ಮಚ್ಚು ಎಲ್ಲೋಗಿತ್ತೋ?"

"ಮುತ್ತುಗದೆಲೇಲಿ ಸುತ್ತಿ ಕಟ್ಟಿಟ್ಟಿದ್ದೆ. ಕಡುದ್ರೆ ಮೊಂಡಾಗಾಕಿಲ್ವ? ಮಾವ ಬೇಕಾದ್ರೆ ನೋಡ್ಲಿ, ಬಾಯಿ ಹೆಂಗಿತ್ತೋ ಹಂಗೇ ಅದೆ! ಕಂಬಳೀನೂ ನೋಡವ್ವ, ಒಂದು ಹನಿ ಬಿದ್ದಿಲ್ಲ!"

ಕೆಂಚವ್ವ ಕಂಬಳಿ ಮುಟ್ಟಿ ನೋಡಿದಳು. ಹೌದು, ಬೆಚ್ಚಗಿತ್ತು. ಮಗನ ಮೈ ಮುಟ್ಟಿ ನೋಡಿದಳು. ತಣ್ಣಗಿತ್ತು. ಆ ಕ್ಷಣ ಬೈಗುಳ ಗಂಟಲಿಗೆ ಬಂದದ್ದು ಅಲ್ಲೇ ಅರ್ಧ ನಿಂತಿತು. ಇನ್ನರ್ಧ ಹೊರಗೆ ಬಂತು.

"ಅಯ್ಯೋ ಪೆದ್ದೇ! ಕಂಬಳಿ ಇರೋದು ನಿನ್ನ ಮೈ ಕಾಯಾಕೆ, ನಿನ್ನ ಮೈ ಇರೋದು ಕಂಬಳಿ ಕಾಯಾಕಲ್ಲ! ಇನ್ಮೇಲೆ ಏನೇ ಆಗ್ಲಿ, ಕಂಬಳಿ ಮೈಮೇಲಿಂದ ತೆಗೀಬ್ಯಾಡ! ಮಚ್ಚು ಇರೋದು ಕಡಿಯಾಕೆ! ಅಡ್ಡ ಸಿಕ್ಕಿದ್ದ ಕಡಿ!"

"ಆಯ್ತವ್ವ. ಕಂಬಳಿ ತೆಗೀಬಾರ್ದು. ಅಡ್ಡ ಸಿಕ್ಕಿದ್ದ ಕಡೀಬೇಕು. ಮೊದಲೇ ಯೋಳಿದ್ರೆ ಹಂಗೇ ಮಾಡ್ತಿದ್ನಲ್ಲ!"

ನೋಡಿ, ಈ ಮಾತಿಗೆ ಏನು ಹೇಳುತ್ತೀರಿ? ಕೆಂಚವ್ವ ಅರಿಸಿನ ಅರೆದು ಅವನ ಅಂಗೈಗೆ ಹಚ್ಚಿದಳು.

ಎರಡನೇ ಸಲ. ನೀವು ಸೀಗೆ ಮೆಳೆಯೊಳಗೆ ಹೋಗಿದ್ದೀರೋ ಇಲ್ಲವೋ, ಹೋಗಿದ್ದರೆ ಗೊತ್ತಿರುತ್ತದೆ. ಅದರ ಮುಳ್ಳು ನೆಟ್ಟಗಿರುವುದಿಲ್ಲ, ಬೆಕ್ಕಿನ ಉಗುರಿನ ಹಾಗೆ ಬಾಗಿರುತ್ತದೆ. ಅದಕ್ಕೇ ಬಲ್ಲವರು ಕಂಬಳಿಯನ್ನು ಕೆಳಗೆ ಬಂಡೆಯ ಮೇಲೆ ಬಿಟ್ಟು, ಮೈಗೆ ಅಂಟಿದ ಹಾಗೆ ಬಿಗಿಯಾದ ದಪ್ಪ ಅಂಗಿ ತೊಟ್ಟು ಒಳಗೆ ಹೋಗುತ್ತಾರೆ. ಕಂಬಳಿಯಂಥ ಉಣ್ಣೆಯ ಬಟ್ಟೆ ಸಿಕ್ಕಿತೋ, ಸೀಗೆಗೆ ಹಬ್ಬ.

ಆದರೆ ಅದಕ್ಕೂ ಮೊದಲು ಇನ್ನೊಂದು ಆಯಿತು. ಗಂಡಸರು ಬುತ್ತಿ ಬಿಚ್ಚುವ ಹೊತ್ತಿಗೆ ತಮ್ಮ ದೋಟಿಗಳನ್ನೆಲ್ಲ ಕಾಲುದಾರಿಗೆ ಅಡ್ಡ ಒರಗಿಸಿದ್ದರು. ದೋಟಿ ಅಂದರೆ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರುಗಳು, ಎತ್ತರದ ಕಾಯಿ ಎಳೆಯುವುದಕ್ಕೆ. ಒಂದು ನೆಟ್ಟನೆಯ ಬಿದಿರು ಹುಡುಕುವುದಕ್ಕೆ ಒಂದು ವಾರ ಕಾಡು ಸುತ್ತಬೇಕು. ಏಳು ಜನ, ಏಳು ದೋಟಿ. ಬಿಲ್ಲ ನೀರು ತುಂಬಿಕೊಂಡು ಬಂದ. ನೋಡಿದ. ಅಡ್ಡ ಸಿಕ್ಕಿದೆ.

ಕಚ್, ಕಚ್, ಕಚ್!

"ಏಯ್! ಏಯ್! ಏನ್ಲಾ ಮಾಡ್ತಿದ್ದೀಯೆ!" ಸಣ್ಣೀರ ಬಾಯಿಯ ತುತ್ತು ಉಗುಳಿ ಓಡಿಬಂದ. ಅಷ್ಟರಲ್ಲಿ ಏಳೂ ತುಂಡಾಗಿ ಸೌದೆಯ ಹಾಗೆ ಜೋಡಿಸಿಟ್ಟಾಗಿತ್ತು.

"ಅಡ್ಡ ಇತ್ತಣ್ಣ," ಅಂದ ಬಿಲ್ಲ. "ಅವ್ವ ಯೋಳವ್ಳೆ."

ಜಡಿಯಪ್ಪನ ಮೀಸೆ ಕುಣಿಯಿತು. "ಮಚ್ಚ ಸೊಂಟಕ್ಕೆ ಸಿಕ್ಕಿಸ್ಲಾ! ನಾನು ಯೋಳಾಗಂಟ ಅದ ಮುಟ್ಟಿದ್ರೆ ನೋಡು!"

"ಆಯ್ತು ಮಾವ. ಮುಟ್ಟಾಕಿಲ್ಲ."

ದೋಟಿ ಇಲ್ಲದೆ ಕೈಗೆ ಎಟುಕಿದಷ್ಟು ಕಾಯಿ ಇಳಿಸಿ ಎಲ್ಲರೂ ಹೊರಟರು. ತಲೆ ಎಣಿಸಿದರೆ ಒಂದು ಕಡಿಮೆ. "ಬಿಲ್ಲಾ!" ಅಂತ ಕೂಗಿದರು. "ಓ ಮಾವ!" ಅಂತ ಮೆಳೆಯ ಒಳಗಿನಿಂದ ಬಂತು ಶಾಂತವಾದ ದನಿ. ಹೋಗಿ ನೋಡಿದರೆ ಸೀಗೆ ಮೆಳೆಯ ನಟ್ಟನಡುವೆ ಕಂಬಳಿ ಹೊದ್ದುಕೊಂಡು ನಿಂತಿದ್ದಾನೆ. ಎಡಕ್ಕೆ ಹತ್ತು ಬಳ್ಳಿ, ಬಲಕ್ಕೆ ಹತ್ತು ಬಳ್ಳಿ, ಕಂಬಳಿ ಕಚ್ಚಿಕೊಂಡಿವೆ. ಮಿಸುಕುವ ಹಾಗಿಲ್ಲ.

"ಯಾವಾಗಿಂದ ನಿಂತಿದ್ದೀಯೋ?"

"ಬುತ್ತಿ ಉಂಡಾಗಿಂದ."

"ಕಂಬಳಿ ಬುಟ್ಟು ಈಚೆ ಬರಬಾರ್ದಾ?"

"ಏನೇ ಆಗ್ಲಿ ತೆಗೀಬ್ಯಾಡ ಅಂದವ್ಳೆ ಅವ್ವ."

"ಮಚ್ಚಲ್ಲಿ ಬಳ್ಳಿ ಸವರ್ಕೊಂಡು ಬರಬಾರ್ದಾ?"

"ನೀನು ಯೋಳಾಗಂಟ ಮುಟ್ಟಬ್ಯಾಡ ಅಂದೆ. ನೀನು ಯೋಳಲಿಲ್ಲ!"

ಏಳು ಜನ ಸೇರಿ ಅವನನ್ನು ಬಿಡಿಸಿದರು. ಕಂಬಳಿ ಜರಡಿಯಾಯಿತು. ಬಿಡಿಸುತ್ತಾ ಜಡಿಯಪ್ಪ ಹೇಳಿದ, "ಕೇಳ್ಲಾ, ಇದ ಮಾತ್ರ ಸಾಯಾಗಂಟ ಮರೀಬ್ಯಾಡ. ಸೀಗೆ ಹಿಡೀತಾ? ಮುಂದಕ್ಕೆ ಎಳೀಬ್ಯಾಡ. ಎಳ್ದಷ್ಟೂ ಕಚ್ತದೆ. ನಿಂತ್ಕೊ. ಎರಡು ಹೆಜ್ಜೆ ಹಿಂದಕ್ಕೆ ಹಾಕು. ಅದೇ ಬುಡ್ತದೆ."

"ಆಯ್ತು ಮಾವ. ಸೀಗೆ ಹಿಡಿದ್ರೆ ಎರಡು ಹೆಜ್ಜೆ ಹಿಂದಕ್ಕೆ."

ಅವತ್ತು ಸಂಜೆ ಜಡಿಯಪ್ಪ ತಂಗಿಯ ಜಗಲಿಗೆ ಬಂದು ಕೂತ. ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ನಡೆದದ್ದೆಲ್ಲ ಹೇಳಿದ.

"ಕೆಂಚಿ, ಇನ್ನು ಒಂದೇ ಸಲ ಉಳಿದಿರೋದು. ಗುಂಪಿನೋರು ಇವನ ಜತೇಲಿ ಬರಾಕಿಲ್ಲ ಅಂತವ್ರೆ. ದೋಟಿ ಹೋದ ಸಿಟ್ಟು. ಮೂರನೇ ಸಲಕ್ಕೆ ನಾನೊಬ್ನೇ ಕರ್ಕೊಂಡೋಯ್ತೀನಿ. ಅದೂ ಕೆಟ್ರೆ ಮಚ್ಚು ಸಣ್ಣೀರನ ಮನೇಗೆ. ನಾನು ಅಣ್ಣ ಆದ್ರೂ ಏನೂ ಮಾಡಾಕಾಗಾಕಿಲ್ಲ ತಾಯಿ."

ಕೆಂಚವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಪೊರಕೆ ಕಟ್ಟುತ್ತಾ ಯೋಚಿಸಿದಳು. ಹಟ್ಟಿಯವರೆಲ್ಲ ನನ್ನ ಮಗ ಮಾತು ಕೇಳುವುದಿಲ್ಲ ಅನ್ನುತ್ತಾರೆ. ಕೇಳುತ್ತಾನಲ್ಲ! ಇವನಷ್ಟು ಮಾತು ಕೇಳುವವನು ಈ ಹಟ್ಟಿಯಲ್ಲಿ ಯಾರಿದ್ದಾರೆ? ತಪ್ಪು ನನ್ನದೇ ಇರಬೇಕು. ನಾನು ಬುದ್ಧಿ ಹೇಳುವುದೆಲ್ಲ ನಿನ್ನೆ ಆದದ್ದಕ್ಕೆ. ಇವನು ಹೊರಡುವುದು ನಾಳೆಗೆ. ನಿನ್ನೆ ಮಳೆ ಬಂತು, ಕಂಬಳಿ ತೆಗೀಬ್ಯಾಡ ಅಂದೆ. ನಾಳೆ ಮುಳ್ಳು ಬರುತ್ತದೆ ಅಂತ ನನಗೇನು ಗೊತ್ತಿತ್ತು? ಬೇರೆಯವರು ಕೇಳಿದ ಹಾಗೆ ಮಾಡಿ ಬೇಡದ್ದನ್ನು ಬಿಡುತ್ತಾರೆ, ಬೇಕಾದ್ದನ್ನು ಹಿಡಿಯುತ್ತಾರೆ. ಇವನು ಎಲ್ಲವನ್ನೂ ಹಿಡಿಯುತ್ತಾನೆ.

ಇದನ್ನು ಯೋಚಿಸಿ ಅವಳಿಗೆ ಒಂದಿಷ್ಟು ಸಮಾಧಾನವಾಯಿತು, ಆಮೇಲೆ ಇನ್ನಷ್ಟು ಹೆದರಿಕೆಯಾಯಿತು.

ಮೂರನೇ ಸಲ ಹೊರಡುವಾಗ ಅವಳು ಹೆಚ್ಚು ಹೇಳಲಿಲ್ಲ. ಬುತ್ತಿ ಕಟ್ಟಿದಳು, ಬಾಗಿಲಲ್ಲಿ ನಿಂತು ಅವನ ಗಲ್ಲ ಸವರಿದಳು.

"ನಾನೇನೂ ಯೋಳಾಕಿಲ್ಲ ಮಗ. ಮಾವ ಏನು ಮಾಡ್ತಾನೋ ನೀನೂ ಅದನ್ನೇ ಮಾಡು. ಬ್ಯಾರೆ ಏನೂ ಮಾಡಬ್ಯಾಡ."

"ಆಯ್ತವ್ವ. ಮಾವ ಮಾಡಿದ್ದೇ ಮಾಡ್ತೀನಿ."

ಏನು ಹೇಳಲಿ, ಅವತ್ತು ಬಿಲ್ಲ ಬಂಗಾರದಂಥ ಕೆಲಸ ಮಾಡಿದ. ಜಡಿಯಪ್ಪ ಕಂಬಳಿ ಬಂಡೆಯ ಮೇಲೆ ಬಿಟ್ಟ, ಇವನೂ ಬಿಟ್ಟ. ಜಡಿಯಪ್ಪ ಬಿಗಿ ಅಂಗಿಯ ಗುಂಡಿ ಹಾಕಿದ, ಇವನೂ ಹಾಕಿದ. ಬಳ್ಳಿಯ ಯಾವ ಗೆಣ್ಣಿಗೆ ಮಾವ ಮಚ್ಚು ಬೀಸಿದನೋ ಪಕ್ಕದ ಬಳ್ಳಿಯ ಅದೇ ಗೆಣ್ಣಿಗೆ ಇವನು ಬೀಸಿದ. ಮಾವ ಒಂದು ಬಳ್ಳಿಯಲ್ಲಿ ನಾಲ್ಕು ಗೊಂಚಲು ಬೀಜಕ್ಕೆ ಬಿಟ್ಟ, ಇವನೂ ಬಿಟ್ಟ. ಮಾವ ಕೆಮ್ಮಿದ, ಇವನೂ ಕೆಮ್ಮಿದ. ಮಾವ ಬೆನ್ನು ಕೆರೆದುಕೊಂಡ, ಇವನೂ ಕೆರೆದುಕೊಂಡ. ಇರಲಿ, ಅದರಿಂದ ಯಾರಿಗೇನು ನಷ್ಟ? ಹೊತ್ತು ನೆತ್ತಿಯಿಂದ ಇಳಿಯುವಾಗ ಇಬ್ಬರ ಚೀಲವೂ ತುಂಬಿತ್ತು. ಜಡಿಯಪ್ಪನ ಎದೆ ತುಂಬಿ ಬಂತು. ಇವತ್ತು ತಂಗಿಗೆ ಮುಖ ತೋರಿಸಬಹುದು ಅಂದುಕೊಂಡ.

ಹಾಗೆ ಅಂದುಕೊಳ್ಳುತ್ತಾ ಕೊರಕಲಿನ ಪಾಚಿಗಲ್ಲಿನ ಮೇಲೆ ಕಾಲಿಟ್ಟ. ಸರ್ರನೆ ಜಾರಿ ಎರಡಾಳು ಕೆಳಕ್ಕೆ ಬಿದ್ದ. ಕಾಲಿನ ಗೆಣ್ಣು ಲಟಕ್ ಅಂದಿತು.

"ಅಯ್ಯಯ್ಯೋ!" ಅಂದ ಜಡಿಯಪ್ಪ.

ಬಿಲ್ಲ ಮೇಲೆ ನಿಂತು ನೋಡಿದ. ಚೀಲ ಇಳಿಸಿದ. ಪಾಚಿಗಲ್ಲಿನ ಮೇಲೆ ಕಾಲಿಟ್ಟ. ಸರ್ರನೆ ಜಾರಿ ಮಾವನ ಪಕ್ಕಕ್ಕೇ ಬಂದು ಬಿದ್ದ.

"ಅಯ್ಯಯ್ಯೋ!" ಅಂದ ಬಿಲ್ಲ.

"ನಿನಗೇನಾಯ್ತೋ?"

"ಏನೂ ಆಗಿಲ್ಲ ಮಾವ. ನೀನು ಬಿದ್ಯಲ್ಲ."

"ಕಾಲು ಮುರಿದದೆ ಕಣ್ಲಾ. ಓಡೋಗು, ಜನ ಕರ್ಕೊಂಬಾ!"

"ನೀನು ಹೋಗ್ತಿಲ್ವಲ್ಲ ಮಾವ. ನೀನು ಮಾಡಿದ್ದೇ ಮಾಡು ಅಂದವ್ಳೆ ಅವ್ವ."

ಜಡಿಯಪ್ಪ ತೆವಳಿದ. ಬಿಲ್ಲನೂ ತೆವಳಿದ. ಜಡಿಯಪ್ಪ ಕಲ್ಲಿಗೆ ಒರಗಿ ಮುಲುಗಿದ. ಬಿಲ್ಲನೂ ಒರಗಿ ಮುಲುಗಿದ. ಬಿಸಿಲು ಬಾಗುತ್ತಿತ್ತು. ಆ ಕೊರಕಲಿಗೆ ಸಂಜೆಯಾದರೆ ಆನೆ ನೀರಿಗೆ ಇಳಿಯುತ್ತವೆ. ಜಡಿಯಪ್ಪನಿಗೆ ಅದು ಗೊತ್ತಿತ್ತು. ಹಟ್ಟಿಗೆ ಒಂದು ಹರಿದಾರಿ, ಮೂರು ಮೈಲಿ. ಅವನಿಗೆ ಅಳು ಬಂತು. ಅಳಲಿಲ್ಲ, ಅತ್ತರೆ ಇವನೂ ಅಳುತ್ತಾನೆ.

ಆಮೇಲೆ ನಿಧಾನವಾಗಿ ಯೋಚಿಸಿದ. ಗುಂಪಿನ ಯಜಮಾನ ಸುಮ್ಮನೆ ಆದವನಲ್ಲ. ಇವನಿಗೆ ಕೊನೆಗೆ ಹೇಳಿದ ಮಾತೇ ಮಾತು. ಆ ಮಾತು ತಪ್ಪಿಲ್ಲದ ಹಾಗೆ ಇರಬೇಕು, ಅಷ್ಟೇ.

"ಬಿಲ್ಲ, ಅವ್ವ ಯೋಳಿದ್ದು ಬೆಳಿಗ್ಗೆಗೆ. ಈಗ ನಾನು ಯೋಳ್ತೀನಿ. ನನ್ನ ನಿನ್ನ ಬೆನ್ನ ಮ್ಯಾಲೆ ಹೊತ್ಕೊ. ನಿಮ್ಮವ್ವನ ಬಾಗಿಲು ಬರಾಗಂಟ ಇಳಿಸಬ್ಯಾಡ. ತಿಳೀತಾ?"

"ಆಯ್ತು ಮಾವ. ಅವ್ವನ ಬಾಗಿಲಗಂಟ ಇಳಿಸಾಕಿಲ್ಲ."

ಅವನು ಎತ್ತಿದ. ನಡೆದ. ಜಡಿಯಪ್ಪ ಹಗುರ ಆಳಲ್ಲ. ಮೊದಲ ಏರಿಗೆ ಬಿಲ್ಲನ ಉಸಿರು ಸಿಕ್ಕಿಕೊಂಡಿತು, ಇಳಿಸಲಿಲ್ಲ. ದಾರಿಯಲ್ಲಿ ಸೀಗೆ ಬಳ್ಳಿ ಅಂಗಿ ಹಿಡಿಯಿತು. ನಿಂತ, ಎರಡು ಹೆಜ್ಜೆ ಹಿಂದಕ್ಕೆ ಹಾಕಿದ, ಬಿಟ್ಟಿತು, ನಡೆದ. ಮತ್ತೆ ಹಿಡಿಯಿತು, ಎರಡು ಹೆಜ್ಜೆ ಹಿಂದಕ್ಕೆ, ಬಿಟ್ಟಿತು, ನಡೆದ. ತೊರೆ ಬಂತು, ಬಾಯಾರಿತ್ತು, ಬಗ್ಗಿ ನೀರು ಕುಡಿಯಬೇಕಾದರೆ ಮಾವನನ್ನು ಇಳಿಸಬೇಕು, ಕುಡಿಯಲಿಲ್ಲ. ಜಡಿಯಪ್ಪನ ಕೆನ್ನೆಗೆ ಅಳಿಯನ ಕತ್ತಿನ ಬೆವರು ತಾಗುತ್ತಿತ್ತು. ನನ್ನ ಗುಂಪಿನ ಬುದ್ಧಿವಂತರಲ್ಲಿ ಯಾರಾದರೂ ಹೀಗೆ ಹೊರುತ್ತಿದ್ದರಾ ಅಂತ ಅವನು ಒಬ್ಬೊಬ್ಬರನ್ನೇ ನೆನೆಸಿಕೊಂಡ. ಸಣ್ಣೀರ ತೊರೆಯ ಹತ್ತಿರ ಇಳಿಸಿ, ಜನ ಕರೆದುಕೊಂಡು ಬರುತ್ತೇನೆ ಅಂತ ಹೋಗುತ್ತಿದ್ದ. ಬುದ್ಧಿವಂತ ಮಾಡುವುದೇ ಹಾಗೆ.

ಹಟ್ಟಿಯೊಳಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಮೊದಲು ಸಿಕ್ಕಿದ್ದು ಜಡಿಯಪ್ಪನ ಮನೆಯೇ. ಅವನ ಹೆಂಡತಿ ಬಾಯಿ ಬಡಿದುಕೊಂಡು ಓಡಿಬಂದಳು, ಚಾಪೆ ಹಾಸಿದಳು.

"ಇಳಿಸ್ಲಾ, ಮನೆ ಬಂತು!" ಅಂದ ಜಡಿಯಪ್ಪ.

"ಇದು ನಿನ್ನ ಬಾಗಿಲು ಮಾವ. ಅವ್ವಂದಲ್ಲ!"

ಚಾಪೆ ದಾಟಿ ನಡೆದ. ಹಿಂದೆ ಅತ್ತೆ, ಅವಳ ಹಿಂದೆ ಸಣ್ಣೀರ, ಅವನ ಹಿಂದೆ ಇಡೀ ಹಟ್ಟಿ. ಕೆಂಚವ್ವ ಆ ಗಲಾಟೆ ಕೇಳಿ ಹೊರಗೆ ಬಂದಳು. ಅಣ್ಣನನ್ನು ಹೆಣದ ಹಾಗೆ ಹೊತ್ತು ತರುತ್ತಿರುವ ಮಗನನ್ನು ನೋಡಿದಳು. ಕೈಯಲ್ಲಿದ್ದ ಮೊರ ಬಿತ್ತು. ಮುಗಿಯಿತು, ಇವನು ನನ್ನ ಅಣ್ಣನನ್ನೇ ಕೊಂದ ಅಂದುಕೊಂಡಳು. ಬಿಲ್ಲ ಹೊಸ್ತಿಲ ಮುಂದೆ ನಿಂತು, ಇದು ಅವ್ವನ ಬಾಗಿಲೇ ಹೌದಾ ಅಂತ ಒಮ್ಮೆ ನೋಡಿ, ಮಾವನನ್ನು ಜಗಲಿಯ ಮೇಲೆ ಇಳಿಸಿದ. ಆಮೇಲೆ ಕೊಡಕ್ಕೇ ಬಾಯಿ ಹಾಕಿ ನೀರು ಕುಡಿದ.

ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಜಡಿಯಪ್ಪ ಅಲ್ಲೇ ಕೂತು ಎಲ್ಲ ಹೇಳಿದ. ಕಡೆಗೆ ಬಿಲ್ಲನನ್ನು ಕರೆದು, ಗುಂಪಿನವರ ಎದುರಿಗೆ ಮಾದಯ್ಯನ ಮಚ್ಚನ್ನು ಅವನ ಸೊಂಟಕ್ಕೆ ಕಟ್ಟಿದ. ಸಣ್ಣೀರ ನೆಲ ನೋಡಿಕೊಂಡ, ಬೇಡ ಅನ್ನಲಿಲ್ಲ. ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಒಂದು ವರ್ಷದಲ್ಲಿ ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು.

"ಕೇಳ್ಲಾ ಬಿಲ್ಲ," ಅಂದ ಜಡಿಯಪ್ಪ. "ನೀನೀಗ ಮಚ್ಚಿನಾಳು. ಇವತ್ತಿಂದ ನಿನಗೆ ಏನೇ ಸಿಗಲಿ, ಅದರಲ್ಲಿ ಅರ್ಧ ನಿಮ್ಮವ್ವಂದು. ತಿಳೀತಾ?"

"ಆಯ್ತು ಮಾವ. ಏನೇ ಸಿಗಲಿ, ಅರ್ಧ ಅವ್ವಂದು."

ಎಲ್ಲರಿಗೂ ಊಟ ಮಾಡಿಸಬೇಕು ಅಂತ ಕೆಂಚವ್ವ ಒಳಗೆ ಓಡಿದಳು. ಹುರುಳಿ ಸಾರಿಗೆ ಒಗ್ಗರಣೆ ಹಾಕಿದಳು, ರಾಗಿ ಹಿಟ್ಟು ತೊಳಸಿದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಹಗುರವಾಗಿ ಎಲ್ಲೋ ಇತ್ತು. ಇನ್ನು ನಾನು ಯಾವಾಗ ಹೋದರೂ ಚಿಂತೆಯಿಲ್ಲ.

ಹಿತ್ತಲಿಂದ ಸದ್ದು ಬಂತು. ಠಣ್. ಠಣ್. ಠಣ್. ಆಮೇಲೆ ಟಣಕ್!

"ಅದೇನ್ಲಾ?" ಅಂತ ಕೇಳುವಷ್ಟರಲ್ಲಿ ಬಿಲ್ಲ ಬಂದ. ಬೆವರಿ ಹೋಗಿದ್ದ. ಜಗಲಿಯ ಮೇಲೆ, ಎಲ್ಲರ ಎದುರಿಗೆ, ಎರಡು ತುಂಡು ಇಟ್ಟ. ಮಚ್ಚಿನ ಬಾಯಿಯ ತುದಿ ಒಂದು ತುಂಡು, ಹಿಡಿಯ ಕಡೆ ಇನ್ನೊಂದು. ಇಪ್ಪತ್ತು ವರ್ಷ ಮಸೆದು ಮಸೆದು ತೆಳ್ಳಗಾಗಿದ್ದ ಮಚ್ಚು. ಬಂಡೆಯ ಸೀಳಿಗೆ ಸಿಕ್ಕಿಸಿ ಗುಂಡುಕಲ್ಲಿನಿಂದ ಬಡಿದಿದ್ದ.

ಕೆಂಚವ್ವ ಅಲ್ಲೇ ಕುಸಿದು ಕೂತಳು.

"ಅಯ್ಯೋ! ಅಯ್ಯೋ! ಮಚ್ಚು ಕಣೋ ಅದು! ಮಚ್ಚು ಹೋಯ್ತು, ಪಾಲು ಹೋಯ್ತು, ನಿನ್ನ ಬಾಳೇ ಹೋಯ್ತಲ್ಲೋ ನನ್ನ ಕಂದಾ! ಯಾಕೋ ಒಡ್ದೆ!"

"ಏನೇ ಸಿಗಲಿ ಅರ್ಧ ಅವ್ವಂದು ಅಂದ್ನಲ್ಲ ಮಾವ. ನಂಗೆ ಸಿಕ್ಕಿದ್ದು ಮಚ್ಚು."

"ಅಂದಿದ್ದು ಕಾಯಿ ಕಣ್ಲಾ! ಪಾಲಿನ ಕಾಯಿ!"

ಬಿಲ್ಲ ಅವಳ ಮುಖ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಮಚ್ಚಿದ್ದೋರ್ಗೆ ತಾನೆ ಅವ್ವ ಪಾಲು? ಅಪ್ಪ ಸತ್ತಾಗ ನಿನ್ ತಾವ ಮಚ್ಚಿಲ್ಲ ಅಂತ ತಾನೆ ಎಲ್ಲಾರೂ ನಿನ್ನ ಗುಡ್ಡೆ ನಿಲ್ಲಿಸಿದ್ದು? ಈಗ ಅದೆಯಲ್ಲ, ತಕೊ. ಹಿಡಿ ಇರೋದು ನಿಂಗೆ. ಬಾಯಿ ನಂಗಿರ್ಲಿ, ನಿನ್ನ ಕೈ ಕುಯ್ದಾತು."

ಜಗಲಿಯ ಮೇಲಿದ್ದ ಗಂಡಸರೆಲ್ಲ ನೆಲ ನೋಡಿದರು. ಕೆಂಚವ್ವ ಬೈಯುವುದಕ್ಕೆ ಬಾಯಿ ತೆರೆದಳು. ಇಪ್ಪತ್ತೈದು ವರ್ಷ ಬೈದ ಬಾಯಿ ಅದು. ಬೈಗುಳ ಹುಡುಕಿದಳು, ಸಿಗಲಿಲ್ಲ. ಇಷ್ಟು ದಿನ ಇವನ ಗತಿ ಏನು ಅಂತ ನಾನು ಕೊರಗಿದೆ. ನನ್ನ ಗತಿ ಏನು ಅಂತ ಇವನೊಬ್ಬ ಕೇಳಿಕೊಂಡಿದ್ದಾನಲ್ಲ! ಅವಳು ಹಿಡಿಯ ತುಂಡನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಜಡಿಯಪ್ಪ ಮೀಸೆ ಎಳೆದುಕೊಂಡ.

"ಲೋ ಸಣ್ಣೀರ, ನಾಳೆ ಈ ಮನೇಗೆ ಎರಡು ಗುಡ್ಡೆ ಹಾಕು."

"ಎರಡಾ? ಅರ್ಧರ್ಧ ಮಚ್ಚಿಗೆ ಇಡೀ ಇಡೀ ಪಾಲಾ ಯಜಮಾನ್ರೆ?"

"ಮಚ್ಚಿದ್ದೋರ್ಗೆ ಪಾಲು ಅಂದವ್ರೆ ಹಿರೀಕರು. ಇಡೀ ಮಚ್ಚು ಅಂತ ಎಲ್ಲಿ ಅಂದವ್ರೆ? ನಾವೂ ಒಂದು ಸಲ ಯೋಳಿದ್ದ ಯೋಳಿದಂಗೆ ಮಾಡೋಣ ಬುಡು."

ಸಣ್ಣೀರ ಹೂಂಗುಟ್ಟಿದ. ಎಲೆ ಹಾಕಿ ಎಲ್ಲರಿಗೂ ಮುದ್ದೆ ಬಡಿಸಿದರು. ಬಡಿಸುತ್ತಾ ಕೆಂಚವ್ವನಿಗೆ ತಡೆಯಲಾಗಲಿಲ್ಲ, ಹಳೆಯ ಚಾಳಿ, ಬೆರಳು ಆಡಿಸಿ ಒಂದು ಬುದ್ಧಿ ಹೇಳಿಯೇ ಬಿಟ್ಟಳು. "ಇನ್ಮೇಲೆ ನನ್ನ ಕೇಳದಂಗೆ ಏನನ್ನೂ ಮುರೀಬ್ಯಾಡ! ತಿಳೀತಾ?"

"ಆಯ್ತವ್ವ. ನಿನ್ನ ಕೇಳದಂಗೆ ಏನೂ ಮುರಿಯಾಕಿಲ್ಲ."

ಎಲ್ಲರೂ ಉಣ್ಣತೊಡಗಿದರು. ಬಿಲ್ಲ ಮಾತ್ರ ಹಸಿದ ಹೊಟ್ಟೆಯಲ್ಲಿ ಮುದ್ದೆಯನ್ನೇ ನೋಡುತ್ತಾ ಕೈಕಟ್ಟಿ ಕೂತಿದ್ದ. ಸಾರು ಆರುತ್ತಿತ್ತು.

"ಯಾಕ್ಲಾ ಉಣ್ತಿಲ್ಲ?"

"ಅವ್ವ, ಇದ ಮುರೀಲಾ?"

"ಮುರಿ ಮಗ," ಅಂದಳು ಕೆಂಚವ್ವ. "ಮುರ್ಕೊಂಡು ಉಣ್ಣು."

ಬಿಲ್ಲ ಮುದ್ದೆಯನ್ನು ಸರಿಯಾಗಿ ಎರಡು ಮಾಡಿದ. ಅರ್ಧ ಎತ್ತಿ ಅವ್ವನ ಕೈಗಿಟ್ಟ.